ಗಿಡ್ಡ ಜೀಪು, ಉದ್ದ ಜೀಪು

ಜೀಪಿಗೂ ಜ್ಞಾನಕ್ಕೂ ಎಲ್ಲಿಯ ನಂಟು ಎಂದು ನಗುವವರು ಗದ್ದುಗೆಬೆಟ್ಟದ ದಾರಿಯಲ್ಲಿ ಒಮ್ಮೆ ಹೋಗಿಬರಬೇಕು. ನಗು ಮೂರನೇ ತಿರುವಿನಲ್ಲೇ ಇಳಿಯುತ್ತದೆ.

ಹೊಳೆಯ ದಂಡೆಯಲ್ಲಿ ಮುಪ್ಪಿನಯ್ಯನವರ ಆಶ್ರಮ. ಎದುರಿಗೆ ಬೆಟ್ಟ. ಬೆಟ್ಟದ ತುದಿಯಲ್ಲಿ ಒಂದು ಗದ್ದುಗೆ, ಅದರ ಪಕ್ಕ ಒಂಟಿ ಕೋಣೆ. ಗದ್ದುಗೆಗೆ ದೀಪ ಹಚ್ಚಿಕೊಂಡು ಅಲ್ಲೇ ಇರುವವರು ಒಬ್ಬರು ಬೇಕಾಗಿತ್ತು.

ಶಿಷ್ಯ ಸೋಮಲಿಂಗ ತಾನು ಹೋಗುತ್ತೇನೆಂದ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಸಮಾಧಾನ ಹೇಳಲು ಬರುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆಶ್ರಮದಲ್ಲಿದ್ದ ಹತ್ತು ಮಂದಿಯೇ ಅವನಿಗೆ ಸಂತೆಯಾಗಿದ್ದರು.

"ಒಂದೆರಡು ತಿಂಗಳ ಮಾತಲ್ಲ, ಬಾಳುಪೂರ್ತಿ ಇರಬೇಕು" ಎಂದರು ಗುರು.

"ನನಗೆ ಬೇಕಾದದ್ದೂ ಅದೇ."

ವಾರಕ್ಕೊಮ್ಮೆ ಇಳಿದು ಬಂದು ಅಕ್ಕಿ, ಎಣ್ಣೆ ಒಯ್ಯಲು ಒಂದು ಗಾಡಿ ಬೇಕು. ಕೊಟ್ಟಿಗೆಯಲ್ಲಿ ಎರಡು ಹಳೆಯ ಜೀಪುಗಳಿದ್ದವು. ಒಂದು ಗಿಡ್ಡದು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಮೂರು ಹೆಜ್ಜೆಯೂ ಇಲ್ಲ. ಇನ್ನೊಂದು ಉದ್ದದ್ದು, ಹಿಂದೆ ಎದುರುಬದುರು ಬೆಂಚು, ಹತ್ತು ಜನ ಕೂರಬಹುದು.

"ಯಾವುದನ್ನು ಒಯ್ಯಲಿ?"

"ಎರಡರಲ್ಲೂ ಹೋಗಿ ಬಾ."

ಸೋಮಲಿಂಗ ಬೆಳಿಗ್ಗೆ ಗಿಡ್ಡ ಜೀಪಿನಲ್ಲಿ ಹೋದ. ಹನ್ನೊಂದು ತಿರುವುಗಳನ್ನೂ ಒಂದೊಂದೇ ಸಲಕ್ಕೆ ತಿರುಗಿಸಿದ. ಬಂಡೆಯ ಉಬ್ಬನ್ನು ಆಡಿನ ಹಾಗೆ ಹತ್ತಿ ಇಳಿದ. ಹೋಗಿ ಬಂದದ್ದು ಯಾರಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಉದ್ದದ್ದನ್ನು ಒಯ್ದವನು ಬಿಸಿಲಿಳಿದ ಮೇಲೆ ಬಂದ. ಮುಖ ಸಿಂಡರಿಸಿತ್ತು.

"ಗಿಡ್ಡದೇ ಸಾಕು" ಎಂದ.

"ಯಾಕೆ?"

"ಆ ಉದ್ದದ್ದು ಯಾರಿಗೆ ಬೇಕು! ಉಬ್ಬಿನ ಮೇಲೆ ಹೊಟ್ಟೆ ತಗುಲಿ ನಿಲ್ಲುತ್ತದೆ. ತಿರುವಿಗೆ ಬಂದರೆ ಮುಂದೆ, ಹಿಂದೆ, ಮತ್ತೆ ಮುಂದೆ. ಹಿಂದೆ ಹೋಗುವಾಗ ಯಾರಾದರೂ ಗಾಲಿಗೆ ಕಲ್ಲು ಕೊಡದಿದ್ದರೆ ಕಣಿವೆಗೇ. ಐದನೇ ತಿರುವಿನಲ್ಲಿ ಆಡು ಕಾಯುವ ದೊಡ್ಡತಾಯಮ್ಮನನ್ನು ಕೂಗಿದೆ. ಒಂಬತ್ತನೆಯದರಲ್ಲಿ ಜೇನು ಕೀಳುವ ಕೇತೇಗೌಡ ಬಂದ. ಕಲ್ಲು ಕೊಟ್ಟು ಸುಮ್ಮನೆ ಹೋಗುತ್ತಾರೆಯೇ? ಯಾವೂರು, ಯಾರ ಮಗ, ಉಂಡೆಯಾ! ಬೇಡ ಗುರುಗಳೇ. ಗಿಡ್ಡದರಲ್ಲಿ ಯಾರ ಹಂಗೂ ಇಲ್ಲ."

"ಕಲ್ಲುಗಳನ್ನು ಬದಿಗೆ ಎತ್ತಿಟ್ಟೆಯಾ?"

ಸೋಮಲಿಂಗ ನಾಲಿಗೆ ಕಚ್ಚಿಕೊಂಡ. ಆ ದಾರಿಯಲ್ಲಿ ಕಲ್ಲು ಕೊಡುವವರು ಯಾರೇ ಆಗಲಿ, ತೆಗೆಯಬೇಕಾದವನು ಗಾಡಿ ಓಡಿಸಿದವನು. ಅವಸರದಲ್ಲಿ ಎರಡನ್ನೂ ದಾರಿಯ ನಡುವೆಯೇ ಬಿಟ್ಟು ಬಂದಿದ್ದ.

"ನಾಳೆ ಹೋಗಿ ಎತ್ತಿಟ್ಟು ಬಾ. ನಡೆದುಕೊಂಡು" ಎಂದರು ಗುರು.

ಮರುದಿನ ಐದನೇ ತಿರುವಿಗೆ ಹೋದಾಗ ಕಲ್ಲು ಆಗಲೇ ಬದಿಗೆ ಸರಿದಿತ್ತು. ದೊಡ್ಡತಾಯಮ್ಮ ಅದರ ಮೇಲೇ ಕೂತಿದ್ದಳು.

"ಕಲ್ಲ ದಾರೀಲೇ ಬುಟ್ಟು ಹೋದ್ರಲ್ಲ ಬುದ್ಧಿ! ಮಡಗೋದು ನಾವು, ಎತ್ತೋದು ನೀವು. ಅಷ್ಟೂ ತಿಳೀದಾ?"

"ಮರೆತೆ ತಾಯಿ."

"ಗದ್ದುಗೆಗೆ ನೀವಾ ಬರೋದು? ನಾ ಮದ್ವೆಯಾಗಿ ಬಂದಾಗ ಒಬ್ರು ಅಯ್ನೋರು ಅಲ್ಲಿದ್ರು. ಬರ್ರಂತ ಹೋಗೋರು, ಬರ್ರಂತ ಬರೋರು. ಮೊಖಾನೇ ಕಾಣ್ನಿಲ್ಲ. ನಿಮ್ಮನೇಲಿ ಯಾರ್ ಯಾರವ್ರೆ?"

"ಯಾರೂ ಇಲ್ಲ."

ಈಗ ಸಮಾಧಾನದ ಮಾತು ಬರುತ್ತದೆಂದು ಅವನು ಹಲ್ಲು ಕಚ್ಚಿ ನಿಂತ. ಅದು ಬರಲಿಲ್ಲ.

"ನಂಗೂ ಈ ಆಡ್ಗಳ ಬುಟ್ರೆ ಯಾರಿಲ್ಲ" ಎಂದು ಅವಳು ಎದ್ದಳು. "ಒಂಬತ್ನೇ ತಿರುವ್ಲಿ ಇನ್ನೊಂದ್ ಕಲ್ಲದೆ, ನೋಡ್ಕಳಿ."

ಅವಳ ಬೆನ್ನು ಮರೆಯಾಗುವವರೆಗೆ ಸೋಮಲಿಂಗ ಅಲ್ಲೇ ನಿಂತಿದ್ದ. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ, ಇನ್ನೂ ಸ್ವಲ್ಪ ಹೊತ್ತು ಮಾತಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಭಯವೂ ಆಯಿತು.

ಒಂಬತ್ತನೇ ತಿರುವಿನ ಕಲ್ಲನ್ನು ಎತ್ತಿಟ್ಟು ಇಳಿದು ಬಂದಾಗ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಅವನು ಒಂದು ಮೆಟ್ಟಿಲು ಕೆಳಗೆ ಕೂತ.

"ದೊಡ್ಡತಾಯಮ್ಮ ಒಬ್ಬ ಅಯ್ಯನವರ ಮಾತೆತ್ತಿದಳು. ಮೊದಲು ಗದ್ದುಗೆಯಲ್ಲಿ ಇದ್ದವರು ನೀವೇನಾ?"

"ಹೌದು. ಏಳು ವರ್ಷ."

"ಯಾವ ಜೀಪು ಒಯ್ದಿದ್ದಿರಿ?"

"ಗಿಡ್ಡದು. ನೀನು ಮೆಚ್ಚಿದ್ದೇ. ನನಗೂ ಯಾರ ಹಂಗೂ ಬೇಕಿರಲಿಲ್ಲ."

"ಮತ್ತೆ ಯಾಕೆ ಇಳಿದು ಬಂದಿರಿ?"



"ಒಂದು ಮಳೆಗಾಲ ಜ್ವರ ಹಿಡಿಯಿತು. ಆರು ದಿನ ಚಾಪೆ ಬಿಟ್ಟು ಏಳಲಾಗಲಿಲ್ಲ. ಕೋಣೆಯ ಹಿಂದೆಯೇ ಜನ ಸೌದೆ ಆಯುತ್ತಿದ್ದರು, ಅವರ ಮಾತು ಕೇಳಿಸುತ್ತಿತ್ತು. ಕೂಗೋಣವೆಂದು ಬಾಯಿ ತೆರೆದೆ, ಸೋಮಲಿಂಗ. ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ."