ಕಟಿಂಗ್ ಶಾಪಿನ ಕುರ್ಚಿ

ದಾವಣಗೆರೆಯ ಒಂದು ಕಣ್ಣಾಸ್ಪತ್ರೆಯಲ್ಲಿ ತಿಪ್ಪಯ್ಯ ಎಂಬ ಮುದಿ ಫಿಟ್ಟರ್ ಇದ್ದ. ಅಲ್ಲಿಗೆ ಕಣ್ಣಿನ ಚಿತ್ರ ತೆಗೆಯುವ ಹೊಸ ಕ್ಯಾಮೆರಾ ಬಂತು. ದೊಡ್ಡ ಡಾಕ್ಟರು ಅಪ್ಪಣೆ ಮಾಡಿದರು: “ರೋಗಿ ಕುಳ್ಳಗಿರಲಿ, ಉದ್ದ ಇರಲಿ, ಕ್ಯಾಮೆರಾ ನೇರ ಕಣ್ಣೆದುರಿಗೇ ಬರಬೇಕು. ಸೋಮವಾರದೊಳಗೆ ಅಂಥ ಸ್ಟ್ಯಾಂಡ್ ಆಗದಿದ್ದರೆ ಬೀಗದ ಕೈ ಕೊಟ್ಟು ಮನೆಗೆ ಹೋಗಿ.”

ತಿಪ್ಪಯ್ಯ ಮೂರು ಸ್ಟ್ಯಾಂಡ್ ಮಾಡಿದ. ಒಂದು ಅವನ ಕೈಯಂತೆ ನಡುಗಿತು. ಇನ್ನೊಂದು ಅವನ ಮೊಣಕಾಲಿನಂತೆ ಕುಸಿಯಿತು. ಮೂರನೆಯದು ಅವನ ಹಟದಂತೆ, ಏರಿದ್ದು ಇಳಿಯಲೇ ಇಲ್ಲ. ಭಾನುವಾರ ಬೇಸತ್ತು ಗಡ್ಡ ಮಾಡಿಸಲು ಹೋದ.

ಸೋಮವಾರ ಡಾಕ್ಟರು ಬಂದು ನೋಡಿದರೆ, ಕ್ಯಾಮೆರಾ ಮೇಜಿಗೆ ಬಿಗಿದಿತ್ತು. ಎದುರಿಗೆ ಕಟಿಂಗ್ ಶಾಪಿನಿಂದ ಕೇಳಿ ತಂದ ಹಳೇ ಕುರ್ಚಿ.

“ಏನ್ರೀ ಇದು? ನಾನೇನು ಗಡ್ಡ ಮಾಡಿಸೋಕೆ ಬಂದಿದೀನಾ?”

“ಕೂತ್ಕೊಳ್ಳಿ ಸಾರ್.”

ಡಾಕ್ಟರು ಮುಖ ಗಂಟಿಕ್ಕಿ ಕೂತರು. ತಿಪ್ಪಯ್ಯ ಕುರ್ಚಿ ಏರಿಸಿದ. ತಲೆ ಒರಗಿಸುವ ದಿಂಬನ್ನು ಎರಡು ಕಚ್ಚು ಮುಂದೆ ತಳ್ಳಿದ. ಕಣ್ಣು ಕ್ಯಾಮೆರಾದ ಎದುರಿಗೇ ಬಂತು. ಚಿತ್ರ ಸ್ವಚ್ಛವಾಗಿ ಬಿತ್ತು.

ಡಾಕ್ಟರು ಕುರ್ಚಿ ಬಿಟ್ಟೇಳಲಿಲ್ಲ. “ಇದು ನಿಮಗೆ ಹೇಗ್ರೀ ಹೊಳೀತು?”

ತಿಪ್ಪಯ್ಯ ಬೋಳುತಲೆ ಸವರಿಕೊಂಡ.

“ಕ್ಷೌರದವನು ಕತ್ತರಿಗೆ ಸ್ಟ್ಯಾಂಡ್ ಕೇಳಲ್ಲ ಸಾರ್, ತಲೇನೇ ತಿರುಗಿಸ್ತಾನೆ. ನಲವತ್ತು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ. ಕೂದಲೆಲ್ಲ ಖಾಲಿಯಾದ ಮೇಲೆ ಬುದ್ಧಿ ಒಳಗೆ ಹೋಯ್ತು.”