ಭಿಕ್ಷುವಿನ ಬಟ್ಟಲು

ಬುದ್ಧನ ಮಾತು ಭೀಮಾ ತೀರಕ್ಕೆ ಬಂದಿದ್ದ ಕಾಲ. ಎದುರುಮನೆ ನಾಗಸಿರಿ ಪಾಯಸ ನೀಡಿದಾಗ, ಬೀದಿಗೆ ಭಿಕ್ಷೆಗೆ ಬಂದಿದ್ದ ಭಿಕ್ಷು ಮುಗುಳ್ನಕ್ಕರು. ಅದನ್ನು ಕಂಡು ವರ್ತಕ ನಂದಿಲನಿಗೆ ಹೊಟ್ಟೆ ಉರಿಯಿತು.

“ನಮ್ಮ ಪಾಯಸವೇ ರುಚಿ ಅಂತ ಅವರು ಹೇಳಬೇಕು. ಇಲ್ಲದಿದ್ದರೆ ನಿನಗೆ ಇಲ್ಲಿ ಕೆಲಸ ಇಲ್ಲ,” ಎಂದ ಅಡುಗೆಯವಳಿಗೆ.

ಮರುದಿನ ಅವಳು ಬೀದಿಯ ಮನೆಗಳಲ್ಲೆಲ್ಲ ಬೇಡಿ ತಂದ ಅನ್ನ, ಸಾರು, ಎರಡೂ ಮನೆಯ ಪಾಯಸವನ್ನು ಒಂದೇ ಬಟ್ಟಲಿಗೆ ಸುರಿದು ಅವನ ಮುಂದಿಟ್ಟಳು.

“ಏನೇ ಇದು?”

“ಭಿಕ್ಷುಗಳು ಉಣ್ಣೋದೇ ಹೀಗೆ ಧಣಿ. ಆಸೆಯೇ ದುಃಖದ ಬೇರಂತೆ, ಅದಕ್ಕೇ ರುಚಿ ಆರಿಸೋದಿಲ್ಲ. ಇದರಲ್ಲಿ ನಮ್ಮ ಪಾಯಸ ಯಾವುದು, ನೀವೇ ಹೇಳಿ. ಆಗ ಭಿಕ್ಷುಗಳಿಗೂ ಅದನ್ನೇ ತೋರಿಸಿಕೊಡ್ತೀನಿ.”

ನಂದಿಲ ತುತ್ತಿನ ಮೇಲೆ ತುತ್ತು ಅಗಿದ. ಗೊತ್ತಾಗಲಿಲ್ಲ. ಕೊನೆಗೆ ಬಟ್ಟಲು ಸರಿಸಿ ಮೆಲ್ಲಗೆ ಹೇಳಿದ:

“ನಾಳೆ ಇದನ್ನ ನಾಗಸಿರಿಗೂ ತಿನ್ನಿಸಿ ಬಾ. ತನ್ನ ಪಾಯಸ ಯಾವುದು ಅಂತ ಅಲ್ಲೂ ಹೇಳಲಿ, ನೋಡೋಣ.”