ಗವಿಯ ಐರಾಣಿ ಗಡಿಗೆ ಇಳಿಸಿದ್ದು

ಹೂಂಗುಟ್ಟಿ ಮತ್ತೆ! ನೀವು ಹೂಂ ಅಂದ್ರೇನೇ ಗವಿಯನ ಟ್ರ್ಯಾಕ್ಟರು ಹೊರಡೋದು.

ಗುಡ್ಡದ ಮೇಲಿನ ಹಟ್ಟೀಲಿ ಕುಂಬಾರರ ಸಾಕವ್ವ, ಅವಳಿಗೊಬ್ಬ ಮಗ ಗವಿಯ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ! ಶುಕ್ರವಾರ ಗುಡ್ಡದ ಕೆಳಗೆ ಕಣಿವೇಹಳ್ಳಿ ಗೌಡರ ಮಗಳ ಮದುವೆ. ಚಪ್ಪರದಲ್ಲಿ ಪೂಜೆಗಿಡೋ ಬಣ್ಣ ಬಳಿದ ಐರಾಣಿ ಗಡಿಗೆ ಸಾಕವ್ವನ ಮನೆಯಿಂದಲೇ ಹೋಗಬೇಕು. ಅದು ಬಾರದೆ ತಾಳಿ ಕಟ್ಟೋ ಹಾಗಿಲ್ಲ. ಅತ್ತೆ ಕಾಲದಿಂದ ಬಂದ ಮರ್ಯಾದೆ! ಗಡಿಗೆ ಹೊತ್ತಿಗೆ ಮುಟ್ಟದಿದ್ರೆ ಆ ಮರ್ಯಾದೆ ಬೇರೆ ಮನೆ ಪಾಲಾಗ್ತದೆ. ಅದಕ್ಕೇ ಅವಳು ಮೊದಲು ಸಂತೆಗೆ ಹೋಗೋ ಮಡಕೆ ಟ್ರೇಲರಿಗೆ ಹೇರಿ, ಮಗ ಹೆಂಗೆ ಇಳಿಸ್ತಾನೆ ಅಂತ ಪರೀಕ್ಷೆ ಮಾಡಿದಳು.

"ಡೀಸೆಲ್ ಉಳಿಸ್ಕೊಂಡು ಹೋಗಪ್ಪ" ಅಂದಳು ಸೋಮವಾರ. ಇಳಿಜಾರು ಬಂದದ್ದೇ ತಡ, ಗವಿಯ ಎಂಜಿನ್ನೇ ಆಫ್ ಮಾಡಿದ! ಹಿಂದಿನಿಂದ ಟ್ರೇಲರ್ ನೂಕಿತು ನೋಡಿ, ಟ್ರ್ಯಾಕ್ಟರು ಹೋಗಿ ಹುಲ್ಲಿನ ಬಣವೆಗೆ ನುಗ್ಗಿತು. ಮಡಕೆ ಎಲ್ಲಾ ಚೂರು.

"ನನ್ನ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ಯೋ! ಇಳಿಜಾರಲ್ಲಿ ಬ್ರೇಕ್ ತುಳೀಬೇಕು ಕಣಲೇ!"

"ಹಂಗಾ? ಆಯ್ತು ಬಿಡವ್ವ."

ಬುಧವಾರ ತುಳಿದ. ಗುಡ್ಡದ ತಲೇಲಿ ಇಟ್ಟ ಕಾಲು ತೆಗೀಲೇ ಇಲ್ಲ! ಬ್ರೇಕು ಕಾದು ಹೊಗೆ ಬಂತು, ಕೊನೇ ತಿರುವಲ್ಲಿ ಹಿಡೀಲೇ ಇಲ್ಲ. ಸೀದಾ ಕೆರೆ. ಗವಿಯ ದಡಕ್ಕೆ ಹಾರ್ಕೊಂಡ, ಮಡಕೆಗಳು ನೀರಲ್ಲಿ ತೇಲ್ಕೊಂಡು ಹೊರಟವು.

"ಬ್ರೇಕನ್ನೇ ನೆಚ್ಕೋಬೇಡ್ವೋ! ಯಾವ ಗೇರಲ್ಲಿ ಹತ್ತೀಯೋ ಅದೇ ಗೇರಲ್ಲಿ ಇಳೀಬೇಕು. ಟ್ರೇಲರ್ ನೂಕದ ಹಾಗೆ ನೋಡ್ಕೋಬೇಕು. ತಿಳೀತಾ?"

"ತಿಳೀತವ್ವ."

ಟ್ರ್ಯಾಕ್ಟರ್ ಎತ್ತಿಸಿ, ಬ್ರೇಕ್ ಸರಿ ಮಾಡಿಸೋ ಹೊತ್ತಿಗೆ ಶುಕ್ರವಾರ ಬಂದೇಬಿಡ್ತು. ಯಾಕೆ ಬೇಕು ಅಂತ ಸಾಕವ್ವ ತಾನೇ ಟ್ರೇಲರ್ ಹತ್ತಿ, ಐರಾಣಿ ಗಡಿಗೇನ ತೊಡೆ ಮೇಲಿಟ್ಕೊಂಡು ಕೂತಳು. ಇಳಿಜಾರಿನ ಬಾಯಲ್ಲಿ ಗವಿಯ ಗಾಡಿ ನಿಲ್ಲಿಸಿದ.

"ಅವ್ವಾ, ಯಾವ ಗೇರಲ್ಲಿ ಹತ್ತೋದು?"

"ಹತ್ತೋದಲ್ಲೋ, ಇಳಿಯೋದು!"

"ಹತ್ತದೆ ಗೇರು ಗೊತ್ತಾಗೋದು ಹೆಂಗೆ? ಹತ್ತೋಕೆ ಮೊದಲು ಇಳೀಬೇಕು. ಇಳಿಯೋಕೆ ಮೊದಲು ಹತ್ತಿರಬೇಕು!"

ಸಾಕವ್ವ ಗಡಿಗೇನ ಇನ್ನಷ್ಟು ಬಿಗಿಯಾಗಿ ಅವಚ್ಕೊಂಡಳು. ನನಗೂ ಗೊತ್ತಾಗ್ತಿಲ್ಲ ಕಣ್ರಪ್ಪ, ನಿಮಗೇನಾದ್ರೂ ಗೊತ್ತಾಯ್ತಾ?

ಗವಿಯ ತಲೆ ಕೆರ್ಕೊಂಡ. ಇಳಿದು ಟ್ರೇಲರ್ ಕಳಚಿದ, ಚಕ್ರಕ್ಕೆ ಕಲ್ಲು ಕೊಟ್ಟ. ಬರೀ ಟ್ರ್ಯಾಕ್ಟರ್ ತಗೊಂಡು ಕೆಳಗೆ ಹೋದ, ವಾಪಸ್ ಹತ್ತಿ ಬಂದ. "ಎರಡನೇ ಗೇರು ಅವ್ವಾ!" ಅಂತ ಕೂಗಿ, ಅಲ್ಲೇ ತಿರುಗಿಸ್ಕೊಂಡು ಮತ್ತೆ ಇಳಿಯೋಕೆ ಶುರು ಮಾಡಿದ.

"ಲೇ! ಲೇ ಗವಿಯಾ, ನಿಲ್ಸೋ!"

"ಬ್ರೇಕ್ ನೆಚ್ಕೋಬೇಡ ಅಂದಿದ್ಯಲ್ಲವ್ವ!"

ಏನು ಚೆಂದ ಇಳಿದ ಅಂತೀರಿ! ಒಂದು ಕುಲುಕಿಲ್ಲ, ಒಂದು ಹೊಗೆಯಿಲ್ಲ. ಗೌಡರ ಬಾಗಿಲಲ್ಲಿ ವಾಲಗ ಶುರುವಾಯ್ತು, ಮುತ್ತೈದೆಯರು ಆರತಿ ಹಿಡ್ಕೊಂಡು ಓಡಿ ಬಂದರು. ಪುರೋಹಿತರು "ಬೇಗ, ಬೇಗ, ಮುಹೂರ್ತ ಮೀರ್ತದೆ" ಅಂತಿದ್ರು. ಗವಿಯ ಎದೆಯುಬ್ಬಿಸಿ ಕೆಳಗಿಳಿದ.

"ಒಂದೂ ಒಡೆದಿಲ್ಲ ಗೌಡ್ರೇ!"

ಗೌಡರು ಹಿಂದೆ ನೋಡಿದರು, ಮುಂದೆ ನೋಡಿದರು. "ಗಡಿಗೆ ಎಲ್ಲೋ? ಟ್ರೇಲರ್ ಎಲ್ಲೋ? ನಿಮ್ಮವ್ವ ಎಲ್ಲೋ?"

"ಟ್ರೇಲರ್ ನೂಕ್ತದಲ್ಲ, ಅದಕ್ಕೇ ಎಲ್ಲಾ ಮೇಲೇ ಬಿಟ್ಟು ಬಂದೆ. ನೀವೇನೂ ಯೋಚ್ನೆ ಮಾಡ್ಬೇಡಿ. ಹೆಣ್ಣು ಗಂಡು ಪುರೋಹಿತರು ಎಲ್ಲಾ ಹತ್ಕೊಳ್ಳಿ. ಎರಡನೇ ಗೇರಲ್ಲಿ ಮದುವೇನೇ ಮೇಲಕ್ಕೆ ಹತ್ತಿಸ್ಬಿಡ್ತೀನಿ!"